ಶೆಲ್ಮಾ ನಾಲೆ ಹೇಗಿದೆ?

ಲಪ್ಶಾಂಗ್, ಲಾಹೌಲ್
೨೪ ನವೆಂಬರ್ ೧೯೭೪

ತಮ್ಮ ತೋಬ್ದನ್‌ಗೆ,

ನೀನು ಸೆಪ್ಟೆಂಬರಿನಲ್ಲಿ ಬಂದು ಹೋದಾಗ ನಿನ್ನ ದೊಡ್ಡ ಕತ್ತರಿಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಮನಾಲಿಯಲ್ಲಿ ಎರಡು ತಿಂಗಳಿಂದ ಬಟ್ಟೆಯನ್ನು ಹಲ್ಲಿನಿಂದ ಹರಿಯುತ್ತಿದ್ದೀಯೋ ಏನೋ. ನಿನ್ನ ಅತ್ತಿಗೆ ಅಂಗ್ಮೊ ಅದರಲ್ಲಿ ಕುರಿ ಉಣ್ಣೆ ಕತ್ತರಿಸಿ ಬಾಯಿ ಮೊಂಡು ಮಾಡಿಟ್ಟಿದ್ದಾಳೆ. ಟಪಾಲಿನ ಪಲ್ಜೋರ್ ಕೈಯಲ್ಲಿ ಕಳಿಸೋಣ ಎಂದರೆ, "ಕತ್ತರಿ ಹೊತ್ತು ಘಾಟಿ ಹತ್ತೋಕೆ ನಾನೇನು ಕತ್ತೆಯಾ?" ಎಂದು ಬೈದ.

ಮೊದಲ ಹಿಮ ಬಿತ್ತು. ಛೀಮೆ ಅತ್ತೆ ಕೆಮ್ಮುತ್ತಲೇ ಮಾಳಿಗೆ ಹತ್ತಿ ಹಿಮ ಅಳೆಯುವ ವಿಲೋ ಕೋಲು ನೆಟ್ಟಳು. ಬೇಡ ಎಂದೆ. "ನಲವತ್ತು ಚಳಿಗಾಲ ನೆಟ್ಟಿದೀನಿ, ಇದೊಂದಕ್ಕೆ ನಿನ್ನ ಅಪ್ಪಣೆ ಬೇಕಾ?" ಎಂದು ತನ್ನ ಸನ್ಯಾಸಿನಿಯ ಬೋಳು ತಲೆ ಅಲ್ಲಾಡಿಸಿದಳು. ಈ ವರ್ಷದ ಉಣ್ಣೆ ದಾರವನ್ನೂ ಶುರು ಮಾಡಿದ್ದಾಳೆ. ದಿನಕ್ಕೆ ಒಂದು ಗೇಣು ದಾರ, ಬಿದ್ದ ಹಿಮದ ಗೇಣಿಗೆ ಒಂದೊಂದು ಗಂಟು. ಮೊದಲ ದಿನಕ್ಕೆ ಎರಡು ಗಂಟು ಬಿದ್ದಿವೆ.

ಪಕ್ಕದ ಮನೆ ಗ್ಯಾಲ್ಸನ್‌ಗೂ ನಮಗೂ ಹೊಲದ ನೀರಿನ ಜಗಳವಾಗಿ ಮೂರು ವರ್ಷ ಮಾತಿಲ್ಲ, ನಿನಗೆ ಗೊತ್ತು. ಅವನೂ ಇವತ್ತು ಬೆಳಿಗ್ಗೆ ಅವನ ಮಾಳಿಗೆಯಿಂದ ಕೂಗಿದ: "ಎಷ್ಟು?" ಅತ್ತೆ ಹೇಳಿದಳು: "ಎರಡು ಗೇಣು. ಮೇಲೆ ಗಟ್ಟಿ, ಕೆಳಗೆ ಪುಡಿ." ಅವನು ಅತ್ತೆಗೆ ಕೈಮುಗಿದ. ಆಮೇಲೆ ನನ್ನ ಮುಖ ನೋಡಿ ಉಗುಳಿ ಒಳಗೆ ಹೋದ. ಹಿಮದ ಮಾತು ಬೇರೆ, ಜಗಳ ಬೇರೆ.

ಊರಿನ ದಾರಿಗೆ ಅಡ್ಡವಿರುವ ಶೆಲ್ಮಾ ನಾಲೆಯ ಕೊರಕಲಿನಲ್ಲಿ ಇನ್ನೂ ಹಿಮ ನಿಂತಿಲ್ಲ. ನೀನು ಕೇಳುವ ಮೊದಲೇ ಹೇಳಿದ್ದೇನೆ.

ಅಣ್ಣ,
ಅಂಗ್ರುಪ್


ಮನಾಲಿ, ಬಸ್ ನಿಲ್ದಾಣದ ಹಿಂದೆ
೯ ಡಿಸೆಂಬರ್ ೧೯೭೪

ಅಣ್ಣಾ,

ಕತ್ತರಿಯ ವಿಷಯ ಓದಿ ಎದೆ ಒಡೆಯಿತು. ಅದು ಅಮೃತಸರದ್ದು. ಅತ್ತಿಗೆಗೆ ಹೇಳು, ಬೇಸಿಗೆಯಲ್ಲಿ ಬಂದು ಅವಳ ಜಡೆಯ ಮೇಲೇ ಅದನ್ನು ಪರೀಕ್ಷೆ ಮಾಡುತ್ತೇನೆ.

ಅತ್ತೆಯ ಕೆಮ್ಮಿಗೆ ಇಲ್ಲಿನ ವೈದ್ಯರು ಕೊಟ್ಟ ಪುಡಿ, ಒಂದು ಅಚ್ಚು ಬೆಲ್ಲ, ಇಟ್ಟಿಗೆಯ ಹಾಗೆ ಒತ್ತಿದ ಒಂದು ಗಟ್ಟಿ ಚಹಾ ಕಳಿಸಿದ್ದೇನೆ. ಬೆಲ್ಲವನ್ನು ನೀನು ತಿನ್ನಬೇಡ. ಪಲ್ಜೋರ್ ಕೂಡ ತಿನ್ನದಿರಲಿ ಎಂದು ಮೂಟೆಗೆ ಹೊಲಿಗೆ ಹಾಕಿದ್ದೇನೆ.

ಚಳಿಗಾಲದ ನಡುವೆ ಬಿಸಿಲು ಬಿದ್ದಾಗ ಒಂದು ಸಲ ಬಂದು ಹೋಗಬೇಕು ಎಂದಿದೆ. ನೋಡೋಣ. ಕೆಲಸ ಬಹಳ. ಶೆಲ್ಮಾ ನಾಲೆ ಹೇಗಿದೆ ಎಂದು ಪ್ರತಿ ಕಾಗದದಲ್ಲೂ ಬರೆ.

ತೋಬ್ದನ್


ಲಪ್ಶಾಂಗ್
೮ ಜನವರಿ ೧೯೭೫

ತಮ್ಮಾ,

ಅತ್ತೆ ಹಾಸಿಗೆ ಹಿಡಿದಿದ್ದಾಳೆ. ಹದಿನೈದು ದಿನವಾಯಿತು. ಪುಡಿಯಿಂದ ಏನೂ ಆಗಲಿಲ್ಲ. ಮಾಳಿಗೆಗೆ ಈಗ ನಾನೇ ಹೋಗಿ ಕೋಲು ನೋಡಿಕೊಂಡು ಬಂದು ಹೇಳುತ್ತೇನೆ. ಅವಳು ಮಲಗಿದಲ್ಲೇ ಗಂಟು ಹಾಕುತ್ತಾಳೆ. ಗಂಟು ಹಾಕುವ ಕೆಲಸ ಮಾತ್ರ ನನಗೆ ಬಿಡುವುದಿಲ್ಲ.

ನಿನ್ನನ್ನು ಕೇಳುತ್ತಾಳೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ನಿನ್ನೆ ಜವೆ ಹಿಟ್ಟಿನ ಗಂಜಿ ಕುಡಿಸುತ್ತಿದ್ದೆ. ಬಾಯಿ ಒರೆಸಿದರೆ ಮುಖ ತಿರುಗಿಸಿದಳು.

"ಇದು ತೋಬ್ದನ್ ಕೈ ಅಲ್ಲ. ಅವ್ನ ಕೈ ಬೆಚ್ಚಗಿರುತ್ತೆ."

"ಅವ್ನು ಇಸ್ತ್ರಿ ಪೆಟ್ಟಿಗೆ ಹಿಡಿಯೋನು ಅತ್ತೆ, ಬೆಚ್ಚಗಿರದೆ ಏನು? ನಾನು ಈಗ ತಾನೇ ಮಾಳಿಗೆ ಹಿಮ ಎತ್ತಿ ಹಾಕಿ ಬಂದಿದೀನಿ," ಎಂದೆ.

ಅಂಗ್ಮೊ ನಕ್ಕಳು. ನಾನೂ ನಕ್ಕೆ ಎಂದಿಟ್ಟುಕೋ.

ಈ ವರ್ಷ ಹಿಮ ಕಡಿಮೆ. ನಾಲೆಯಲ್ಲಿ ಹಳೆಯ ಹಿಮ ಎರಡು ಗೇಣು ಇದೆ, ಗಟ್ಟಿಯಾಗಿದೆ. ಆದರೆ ಜನವರಿಯನ್ನು ಯಾರು ನಂಬುತ್ತಾರೆ? ನೀನು ಬರುವುದಾದರೆ ಬರೆ, ನಾಲೆಯ ಈಚೆ ದಡಕ್ಕೆ ಬಂದು ನಿಂತಿರುತ್ತೇನೆ.

ಅಂಗ್ರುಪ್


ಮನಾಲಿ
೧೯ ಜನವರಿ ೧೯೭೫

ಅಣ್ಣಾ,

ಕಾಗದ ನೋಡಿದಾಗಿನಿಂದ ಸೂಜಿ ಬೆರಳಿಗೇ ಚುಚ್ಚುತ್ತಿದೆ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಅತ್ತೆಯೇ ತಾನೇ ಸಾಕಿದ್ದು? ಬರದಿದ್ದರೆ ನಾನು ಮನುಷ್ಯನೇ ಅಲ್ಲ.

ಆದರೆ ನೀನು ಬರೆದದ್ದು ಎಂಟನೇ ತಾರೀಕಿನ ಹಿಮ. ಈಗ ಹೇಗಿದೆಯೋ ನನಗೆ ತಿಳಿಯದು. ನೀನು ನೋಡಿ ಬರೆ. ನೀನು ಬಾ ಎಂದರೆ ಅದೇ ದಿನ ಪಲ್ಜೋರ್ ಹಿಂದೆ ಹೊರಡುತ್ತೇನೆ. ಬೇಡ ಎಂದರೆ ಬರುವುದಿಲ್ಲ. ನಿನ್ನ ಮಾತಿನ ಮೇಲೆ ಬಿಟ್ಟಿದ್ದೇನೆ.

ಶೆಲ್ಮಾ ನಾಲೆ ಹೇಗಿದೆ?

ತೋಬ್ದನ್


ಲಪ್ಶಾಂಗ್
೨೭ ಜನವರಿ ೧೯೭೫

ತಮ್ಮಾ,

ಬರಬೇಡ. ನಾಲ್ಕು ದಿನ ಬಿಡದೆ ಬಿರುಗಾಳಿ. ಮಾಳಿಗೆಯ ಹಿಮ ಎತ್ತಿ ಎತ್ತಿ ನನ್ನ ಸೊಂಟ ಬಿದ್ದಿದೆ. ಕೋಲು ಅರ್ಧಕ್ಕಿಂತ ಹೆಚ್ಚು ಮುಳುಗಿದೆ. ಶೆಲ್ಮಾ ನಾಲೆಯ ನೆತ್ತಿಯಲ್ಲಿ ಗಾಳಿ ತಂದು ರಾಶಿ ಹಾಕಿದ ಹಿಮ ಚಾವಣಿಯ ಅಂಚಿನ ಹಾಗೆ ಮುಂದಕ್ಕೆ ಬಾಗಿ ನಿಂತಿದೆ. ಒಬ್ಬರು ಕೆಮ್ಮಿದರೂ ಕೆಳಗೆ ಬರುತ್ತದೆ. ನಿನ್ನೆ ಒಂದು ಕಾಗೆ ಕೂತಾಗಲೂ ಪುಡಿ ಉದುರಿತು. ಅಪ್ಪ ಅದೇ ನಾಲೆಯಲ್ಲಿ ಹಿಮಕ್ಕೆ ಸಿಕ್ಕಿ ಸತ್ತ ವರ್ಷ ಇದ್ದ ಹಾಗೆಯೇ ಇದೆ.

ಅತ್ತೆ ಸ್ವಲ್ಪ ಗೆಲುವಾಗಿದ್ದಾಳೆ. ಗಂಜಿ ಕುಡಿಯುತ್ತಾಳೆ. ಅವಸರವೇನಿಲ್ಲ. ಮುಂದಿನ ತಿಂಗಳು ನೋಡೋಣ.

ಪಲ್ಜೋರ್ ಹೊರಟು ನಿಂತಿದ್ದಾನೆ, ಅವನ ಕೈಗೇ ಕೊಡುತ್ತಿದ್ದೇನೆ.

ಅಂಗ್ರುಪ್


ಮನಾಲಿ
೩೧ ಜನವರಿ ೧೯೭೫

ಅಣ್ಣಾ,

ಕಾಗದ ಸಿಕ್ಕಿತು. ನೀನು ಹೇಳಿದ ಮೇಲೆ ಮುಗಿಯಿತು. ನಿನಗಿಂತ ಹೆಚ್ಚು ಆ ನಾಲೆ ಯಾರಿಗೆ ಗೊತ್ತು?

ಅತ್ತೆಗೆ ಕಿವಿ ಮುಚ್ಚುವ ಟೋಪಿ ಹೊಲಿದಿದ್ದೇನೆ, ಒಳಗೆ ಕುರಿಮರಿ ತೊಗಲು ಹಾಕಿದೆ. ಬೋಳು ತಲೆಗೆ ಬೆಚ್ಚಗಿರುತ್ತದೆ. ಹಿಮ ಹೆಚ್ಚಿದ್ದರಿಂದ ತೋಬ್ದನ್ ಬರಲಾಗಲಿಲ್ಲ ಎಂದು ಅವಳಿಗೆ ನೀನೇ ತಿಳಿಸಿ ಹೇಳು.

ತೋಬ್ದನ್


ಲಪ್ಶಾಂಗ್
೧೬ ಫೆಬ್ರವರಿ ೧೯೭೫

ತೋಬ್ದನ್‌ಗೆ,

ಈ ತಿಂಗಳ ಒಂಬತ್ತನೇ ತಾರೀಕು ಮಧ್ಯಾಹ್ನ ಅತ್ತೆ ತೀರಿಕೊಂಡಳು. ಲಾಮಾಗಳು ಬಂದಿದ್ದರು. ಊರಿನವರೆಲ್ಲ ಕಟ್ಟಿಗೆ ಹೊತ್ತು ತಂದರು. ಗ್ಯಾಲ್ಸನ್ ಎರಡು ಹೊರೆ ತಂದು ಹಾಕಿ, ಮಾತಾಡದೆ ಹೋದ. ನಿನ್ನ ಟೋಪಿ ಹಿಂದಿನ ದಿನ ಬಂತು. ಹಾಕಿಯೇ ಕಳಿಸಿದೆವು.

ನಲವತ್ತೊಂಬತ್ತನೆಯ ದಿನ ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಬರುತ್ತದೆ. ಅದಕ್ಕಾದರೂ ಬಾ.

ಅಂಗ್ರುಪ್


ಮನಾಲಿ
೨೪ ಫೆಬ್ರವರಿ ೧೯೭೫

ಅಣ್ಣಾ,

ಏನು ಬರೆಯಲಿ? ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತ ಕೂತಿದ್ದಾಗ ಪಲ್ಜೋರ್ ಬಂದ. ಕಾಗದ ಕೊಡುವ ಮೊದಲು ಟೋಪಿ ತೆಗೆದ, ಅಷ್ಟರಲ್ಲೇ ತಿಳಿಯಿತು. ನೆಂಟರ ಹಾಗೆ ಬರೆದಿದ್ದೀಯ. ಕೊನೆಗೆ ಏನಂದಳು? ನನ್ನ ಮೇಲೆ ಸಿಟ್ಟಿತ್ತೆ? ಹಿಮದ ಕಾರಣ ಅವಳಿಗೆ ಹೇಳಿದೆಯಾ? ಅದೊಂದನ್ನು ಬರೆ. ಕೆಟ್ಟದ್ದಾದರೂ ಬರೆ.

ತೋಬ್ದನ್


ಲಪ್ಶಾಂಗ್
೫ ಮಾರ್ಚ್ ೧೯೭೫

ತಮ್ಮಾ,

ಇದರ ಜೊತೆ ಅತ್ತೆಯ ಈ ವರ್ಷದ ದಾರ ಇದೆ. ಓದುವ ಮೊದಲು ಅದನ್ನು ಬಿಚ್ಚಿ ಉದ್ದಕ್ಕೆ ಹಿಡಿ. ಒಂದು ತುದಿಗೆ ಕೆಂಪು ಎಳೆ ಕಟ್ಟಿದ್ದೇನೆ, ಅದು ಒಂಬತ್ತು ಫೆಬ್ರವರಿ. ಅಲ್ಲಿಂದ ಹಿಂದಕ್ಕೆ ಗೇಣು ಹಾಕುತ್ತ ಹೋಗು. ಇಪ್ಪತ್ತೇಳು ಜನವರಿಗೆ ಬಾ. ಇನ್ನೂ ಹಿಂದೆ ಹೋಗು. ಒಂದು ತಿಂಗಳು ಬರೀ ದಾರ. ಒಂದು ಗಂಟೂ ಇಲ್ಲ.

ಬಿರುಗಾಳಿ ಬಂದಿರಲಿಲ್ಲ. ಕೋಲು ಮುಳುಗಿರಲಿಲ್ಲ. ನೆತ್ತಿಯಲ್ಲಿ ಹಿಮ ಬಾಗಿ ನಿಂತಿರಲಿಲ್ಲ. ಕಾಗೆಯೂ ಸುಳ್ಳು. ಆ ಕಾಗೆಯನ್ನು ಯಾಕೆ ಬರೆದೆನೋ, ದಿನಾ ಕಣ್ಣಿಗೆ ಬರುತ್ತದೆ.

ಆ ಇಪ್ಪತ್ತೇಳರ ಬೆಳಿಗ್ಗೆ ಅವಳನ್ನು ಎತ್ತಿ ಕೂರಿಸಿ ಮೈ ಒರೆಸಿ ಬಟ್ಟೆ ಬದಲಿಸಿದ್ದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಹಾಸಿಗೆ ಹಿಡಿದ ಮೇಲೆ ಮೊದಲ ಸಲ. "ನನ್ನ ನೋಡ್ಕೊಂಡಿದ್ದು ನೀನೊಬ್ನೇ ಕಣೋ. ನಿನಗೆ ಒಳ್ಳೇದಾಗ್ಲಿ, ತೋಬ್ದನ್," ಎಂದಳು.

ನಾನು ಸರಿಪಡಿಸಲಿಲ್ಲ. ಹೊರಗೆ ಹೋಗಿ ನಿಂತೆ. ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಆ ನಾಲೆ ಅಂಗಳದ ಹಾಗೆ ಚೊಕ್ಕವಾಗಿತ್ತು, ಮಗು ಬೇಕಾದರೂ ದಾಟಬಹುದಿತ್ತು. ನೀನು ಬಂದು ಅವಳ ಪಕ್ಕ ಒಂದು ಗಂಟೆ ಕೂರುತ್ತೀಯ, ನಿನ್ನ ಬೆಚ್ಚಗಿನ ಕೈಯನ್ನು ಅವಳು ಹಿಡಿದುಕೊಳ್ಳುತ್ತಾಳೆ, ಅಷ್ಟಕ್ಕೆ ನನ್ನ ಇಷ್ಟು ದಿನದ ಸೇವೆ ತೊಳೆದುಹೋಗುತ್ತದೆ ಎನಿಸಿತು. ಹೊಟ್ಟೆ ಉರಿಯಿತು, ತಮ್ಮಾ. ಬೇರೆ ಹೆಸರು ಅದಕ್ಕಿಲ್ಲ. ಕೂತು ಬರೆದೆ. ಹತ್ತು ದಿನದ ಮಾತು, ಮುಂದಿನ ಟಪಾಲಿಗೆ ಬಾ ಎಂದು ಬರೆದರಾಯಿತು ಎಂದುಕೊಂಡೆ.

ಕಾಗದ ಮಡಿಸಿ ಒಳಗೆ ಬಂದರೆ ಅತ್ತೆ ಈ ಸಲ ನನ್ನ ಗುರುತು ಹಿಡಿದು ಕೇಳಿದಳು. "ತಮ್ಮನಿಗೆ ಬರೆದ್ಯಾ? ಹಿಮ ಎಷ್ಟು ಅಂತ ಬರೆದೆ?"

"ಇದ್ದಷ್ಟು ಬರೆದೆ."

"ಹಾಗಾದ್ರೆ ಬರ್ತಾನೆ ಬಿಡು," ಎಂದು ಆ ದಿನದ ಗೇಣಿಗೆ ಗಂಟು ಹಾಕದೆ ದಾರ ಮುಂದೆ ಸರಿಸಿದಳು.

ಹಾಸಿಗೆಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು, ನಾಲೆ ಕಾಣುವ ಹಾಗೆ. ಹದಿಮೂರು ದಿನ. ಪಲ್ಜೋರ್ ಬಂದ ದಿನ ಅವನ ಹಿಂದೆ ಇನ್ನೊಬ್ಬ ಇದ್ದಾನೆಯೇ ಎಂದು ಕತ್ತು ಎತ್ತಿ ನೋಡಿದಳು. ಇರಲಿಲ್ಲ. ಟೋಪಿ ಕೈಗೆ ಕೊಟ್ಟೆ. ಸವರಿ ನೋಡಿದಳು. "ಹೊಲಿಗೆ ಚೆನ್ನಾಗಿದೆ," ಎಂದಳು. ಆಮೇಲೆ ಕಿಟಕಿಯ ಕಡೆ ನೋಡಿ ಅಂದಳು: "ಹಿಮ ಇಲ್ಲ. ದಾರಿ ಇದೆ. ಆದ್ರೂ ಬರ್ಲಿಲ್ಲ."

ಆಗಲಾದರೂ ಹೇಳಬಹುದಿತ್ತು. ಅತ್ತೆ, ನಾನೇ ಬೇಡ ಅಂದೆ, ಸುಳ್ಳು ಬರೆದೆ ಎಂದಿದ್ದರೆ ಮುಗಿಯುತ್ತಿತ್ತು. ಅವಳ ಕೈ ನನ್ನ ಕೈಯಲ್ಲಿತ್ತು. ಹೇಳಿದರೆ ಎಳೆದುಕೊಳ್ಳುತ್ತಾಳೆ ಎಂದು ಹೇಳಲಿಲ್ಲ. ಮಾರನೆಯ ದಿನ ಹೋದಳು. ನಿನ್ನನ್ನು ತಪ್ಪು ತಿಳಿದುಕೊಂಡೇ ಹೋದಳು.

ನಮ್ಮ ಊರಿನಲ್ಲಿ ಹೆಂಡತಿಗೆ ಸುಳ್ಳು ಹೇಳಿದವರಿದ್ದಾರೆ, ಲಾಮಾನಿಗೂ ಹೇಳಿದವರಿದ್ದಾರೆ. ಹಿಮದ ಬಗ್ಗೆ ಸುಳ್ಳು ಹೇಳಿದವನು ನಾನೊಬ್ಬನೇ. ಗ್ಯಾಲ್ಸನ್ ಈಗಲೂ ಬೆಳಿಗ್ಗೆ "ಎಷ್ಟು?" ಎಂದು ಕೂಗುತ್ತಾನೆ. ನಾನು ಹೇಳಿದ್ದನ್ನು ನಂಬಿ ಅವನ ಹೆಂಡತಿ ಕೊಡ ಹಿಡಿದು ತೊರೆಗೆ ಹೋಗುತ್ತಾಳೆ. ಅವಳು ತಿರುಗಿ ಬರುವವರೆಗೂ ನಾನು ಮಾಳಿಗೆಯಿಂದ ಇಳಿಯುವುದಿಲ್ಲ.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಅಂಗ್ರುಪ್


ಮನಾಲಿ
೧೧ ಮಾರ್ಚ್ ೧೯೭೫

ಅಣ್ಣಾ,

ದಾರವನ್ನು ಬಿಚ್ಚಿ ಹೊಲಿಗೆ ಯಂತ್ರದ ಮೇಲೆ ಹಾಸಿ ಗೇಣು ಹಾಕಿ ನೋಡಿದೆ. ಎರಡು ದಿನ ಅಂಗಡಿ ತೆರೆಯಲಿಲ್ಲ. ಬೈಯುವುದಕ್ಕೆ ನಾಲ್ಕು ಸಲ ಕೂತೆ. ಆಗಲಿಲ್ಲ. ಯಾಕೆಂದರೆ ಅತ್ತೆ ನನ್ನನ್ನು ತಪ್ಪು ತಿಳಿದುಕೊಳ್ಳಲಿಲ್ಲ.

ದಾರ ಬರುವ ಮೊದಲೇ ನನಗೆ ಗೊತ್ತಿತ್ತು. ನೀನು ಬುದ್ಧಿವಂತ ಎಂದು ತಿಳಿದಿದ್ದೆ. ಒಂದು ವಿಷಯ ನಿನಗೆ ಇವತ್ತಿಗೂ ಹೊಳೆದಿಲ್ಲವೇ? ದಾರಿ ಮುಚ್ಚಿದೆ ಎಂದು ನೀನು ಬರೆದ ಕಾಗದ ಆ ದಾರಿಯಲ್ಲೇ ನಡೆದು ಬಂತು.

ಪಲ್ಜೋರ್ ಅದನ್ನು ತಂದುಕೊಟ್ಟಾಗ ಅವನ ಹುಲ್ಲಿನ ಚಪ್ಪಲಿ ಒಣಗಿತ್ತು. ಮೂರು ದಿನದಲ್ಲಿ ಬಂದಿದ್ದ. "ಮೂರ್ನಾಲ್ಕು ದಿನ ಬಿಟ್ಟು ವಾಪಸ್ ಹೋಗ್ತೀನಿ, ಬರ್ತೀಯಾ ಜೊತೆಗೆ? ನಾಲೆ ಬಜಾರಿನ ರಸ್ತೆ ಥರ ಇದೆ," ಎಂದ. ನಾನು ಕಾಗದ ತೋರಿಸಿದೆ. "ಅಣ್ಣ ಬೇಡ ಅಂದಿದಾನೆ, ಹಿಮ ಜಾಸ್ತಿಯಂತೆ," ಎಂದೆ. ಅವನಿಗೆ ಓದಲು ಬರುವುದಿಲ್ಲ. ಕಾಗದವನ್ನೂ ನನ್ನ ಮುಖವನ್ನೂ ನೋಡಿದ. "ನಿಮ್ಮಣ್ಣನ ಮನೆ ಮುಂದೆ ಮಾತ್ರ ಬಿದ್ದಿರ್ಬೇಕು ಬಿಡಪ್ಪ," ಎಂದು ಚಹಾ ಕುಡಿದು ಹೋದ.

ನೀನು ಯಾಕೆ ಸುಳ್ಳು ಬರೆದೆ ಎಂದು ಕೂಡ ನಾನು ಯೋಚಿಸಲಿಲ್ಲ. ಸಮಾಧಾನವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ಎರಡು ಹೊತ್ತಿನ ಊಟ ಒಟ್ಟಿಗೆ ಉಂಡೆ. ನಿನ್ನ ಮಾತಿನ ಮೇಲೆ ಬಿಟ್ಟಿದ್ದೇನೆ ಎಂದು ಬರೆದದ್ದು ಯಾಕೆ? ನೀನು ಬೇಡ ಎನ್ನಲಿ ಎಂದೇ.

ಒಂಬತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಶೆಲ್ಮಾ ನಾಲೆಯನ್ನು ಹೇಗೆ ದಾಟಬೇಕೆಂದು ಅಪ್ಪ ನಮಗೆ ಕಲಿಸಿದ್ದು ನೆನಪಿದೆಯಲ್ಲ? ಒಬ್ಬೊಬ್ಬರಾಗಿ. ದಾಟಿದವನು ಆಚೆ ದಡದಲ್ಲಿ ತಿರುಗಿ ನಿಂತು, ಹಿಂದಿನವನು ದಾಟುವವರೆಗೂ ಬೆಟ್ಟದ ನೆತ್ತಿಯ ಮೇಲೆ ಕಣ್ಣಿಡಬೇಕು. ಬಿರುಕು ಕಂಡರೆ ಕೈ ಎತ್ತಬೇಕು. ದಾಟುವವನು ಕಾಲ ಕೆಳಗೆ ಮಾತ್ರ ನೋಡುತ್ತಾನೆ. ಅವನ ಕಣ್ಣು ದಡದಲ್ಲಿರುವವನು.

ಆ ದಿನ ನಾನು ಮೊದಲು ದಾಟಿದೆ. ಹತ್ತೊಂಬತ್ತು ವರ್ಷ ನನಗೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಬೆನ್ನು ತಿರುಗಿಸಿ ಬಂಡೆಯ ಮರೆಗೆ ಕೂತು ಕೈಗೆ ಊದಿಕೊಳ್ಳುತ್ತಿದ್ದೆ. ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ, ಅಣ್ಣಾ. ಸದ್ದು ಕೇಳಿ ತಿರುಗಿದಾಗ ಅಪ್ಪ ಇರಲಿಲ್ಲ. ಊರಿನವರು ಪಾಪ ಮಗ ಕಣ್ಣಾರೆ ನೋಡಿದ ಎಂದು ಅತ್ತರು. ನಾನು ಏನನ್ನೂ ನೋಡಿರಲಿಲ್ಲ. ಅತ್ತೆ ನನ್ನ ಕೈಗಳನ್ನು ಹಿಡಿದುಕೊಂಡು, ಇಷ್ಟು ಬೆಚ್ಚಗಿವೆ, ಬದುಕಿ ಬಂದೆಯಲ್ಲ ಎಂದಳು. ಆಗಿನಿಂದ ಹೇಳುತ್ತಿದ್ದಾಳೆ ಆ ಕೈಯ ಮಾತನ್ನು. ನಿನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಕೈ ಅದು.

ಬೇಸಿಗೆಯಲ್ಲಿ ಮಾತ್ರ ಬರುವವನು ನಾನು, ಯಾಕೆಂದು ನೀವು ಯಾರೂ ಕೇಳಲಿಲ್ಲ. ಕೆಲಸ ಬಹಳ ಎಂದರೆ ನಂಬಿದಿರಿ.

ನಲವತ್ತೊಂಬತ್ತನೆಯ ದಿನಕ್ಕೆ ಬರುತ್ತೇನೆ. ಇಪ್ಪತ್ತೆರಡನೇ ತಾರೀಕು ಇಲ್ಲಿಂದ ಹೊರಡುತ್ತೇನೆ. ನಾಲೆ ಹೇಗಿದೆ ಎಂದು ಈ ಸಲ ಕೇಳುವುದಿಲ್ಲ.

ತೋಬ್ದನ್


ಲಪ್ಶಾಂಗ್
೧೯ ಮಾರ್ಚ್ ೧೯೭೫

ತಮ್ಮಾ,

ಬರಬೇಡ. ಬರಬೇಡ. ಇದು ನಿಜ.

ಹದಿನಾರರಿಂದ ಹಿಮ ಬೀಳುತ್ತಿದೆ. ದಾರ ನಿನ್ನ ಹತ್ತಿರ ಇದೆ, ನಾನು ಹೊಸದು ತೆಗೆದುಕೊಂಡಿದ್ದೇನೆ. ಮೊದಲ ದಿನ ಮೂರು ಗಂಟು. ಎರಡನೇ ದಿನ ನಾಲ್ಕು. ನಿನ್ನೆ ನಾಲ್ಕು. ಇವತ್ತು ಇನ್ನೂ ನಿಂತಿಲ್ಲ. ಹಳೆಯ ಹಿಮ ಗಾಜಿನ ಹಾಗೆ ಗಟ್ಟಿ, ಅದರ ಮೇಲೆ ಹೊಸದು ಹಿಟ್ಟಿನ ಹಾಗೆ ಸಡಿಲ. ಒಂದಕ್ಕೊಂದು ಅಂಟಿಲ್ಲ. ಇದರ ಅರ್ಥ ನಿನಗೆ ನಾನು ಹೇಳಬೇಕಾಗಿಲ್ಲ.

ಬರೆಯುತ್ತಿರುವಾಗ ನಗು ಬರುತ್ತದೆ, ಅಳುವೂ ಬರುತ್ತದೆ. ಮೊದಲ ಸುಳ್ಳು ಕಾಗದದಲ್ಲಿ ಬರೆದ ಮಾತುಗಳೇ ಇವತ್ತು ನಿಜವಾಗಿ ಕಿಟಕಿಯ ಹೊರಗೆ ನಿಂತಿವೆ. ಬೇರೆ ಮಾತು ಎಲ್ಲಿಂದ ತರಲಿ?

ಪಲ್ಜೋರ್ ನಮ್ಮ ಒಲೆಯ ಪಕ್ಕವೇ ಕೂತಿದ್ದಾನೆ. ನಿನ್ನ ಕಾಗದ ತಂದುಕೊಟ್ಟವನು ವಾಪಸ್ ಹೋಗಲಾಗದೆ ಸಿಕ್ಕಿಬಿದ್ದಿದ್ದಾನೆ. ಹೊರಡು ಎಂದು ಕಾಲು ಹಿಡಿದೆ. "ಸರ್ಕಾರದ ಚೀಲಕ್ಕೆ ಹೆಂಡ್ತಿ ಮಕ್ಕಳಿಲ್ಲ ಅಂಗ್ರುಪ್, ನನಗಿದಾರೆ," ಎಂದ. ಸರಿಯಾಗಿಯೇ ಹೇಳಿದ.

ನಿನ್ನೆ ಬರಬೇಡ ಎಂದು ಒಂದು ಚೀಟಿ ಬರೆದು, ಅದನ್ನು ಎದೆಯಲ್ಲಿಟ್ಟುಕೊಂಡು ನಾನೇ ನಾಲೆಯ ತನಕ ಹೋದೆ. ಕಾಲಿಡುವಷ್ಟರಲ್ಲಿ ಹಿಂದಿನಿಂದ ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದರು. ಗ್ಯಾಲ್ಸನ್. "ಲೇ, ಎಷ್ಟು ಗೇಣು ಅಂತ ಬೆಳಿಗ್ಗೆ ನೀನೇ ಹೇಳಿದ್ಯಲ್ಲೋ, ನಿನ್ನ ಮಾತು ನಿನಗೇ ಕೇಳಿಸ್ಲಿಲ್ವಾ?" ಎಂದು ಬೈದ. ಹಿಮದ ಲೆಕ್ಕ ಕೇಳುವುದು ಬಿಟ್ಟರೆ ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು. ಇಬ್ಬರೂ ಹಿಂತಿರುಗಿ ನೂರು ಹೆಜ್ಜೆ ಬಂದಿರಲಿಲ್ಲ, ನಾಲೆ ಪೂರ್ತಿ ಇಳಿದುಬಂತು. ಹಿಮದ ಧೂಳು ಊರಿನ ತನಕ ಬಂದು ಬಾಗಿಲು ಬಡಿಯಿತು. ಅರ್ಧ ಇನ್ನೂ ಮೇಲೆ ನೇತಾಡುತ್ತಿದೆ.

ದಾರಿ ನಿಜವಾಗಿ ಮುಚ್ಚಿದೆ, ಆದ್ದರಿಂದ ಈ ಕಾಗದ ನಿನ್ನ ಕೈ ಸೇರುವುದಿಲ್ಲ. ಸೇರಿದರೂ ನನ್ನ ಕೈಬರಹವನ್ನು ನೀನು ಯಾಕೆ ನಂಬಬೇಕು? ಆದರೂ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ನೀನು ನಾಲೆಯ ಆಚೆ ದಡದಲ್ಲಿ ಕಂಡ ಹಾಗೆ ಆಗುತ್ತದೆ. ಅಪ್ಪನಿಗೆ ನೀನು ಬೆನ್ನು ತಿರುಗಿಸಿದೆ ಎಂದು ಬರೆದಿದ್ದೀಯ. ಒಬ್ಬ ಹುಡುಗ ಚಳಿಗೆ ತಿರುಗಿ ಕೂತ, ಅಷ್ಟೇ. ನಾನು ನಾಲೆಗೆ ಮುಖ ಮಾಡಿ, ಕಣ್ಣು ತೆರೆದುಕೊಂಡೇ ಸುಳ್ಳು ಬರೆದೆ.

ಬರಬೇಡ, ತೋಬ್ದನ್.

ಅಣ್ಣ


ಮನಾಲಿ
೪ ಏಪ್ರಿಲ್ ೧೯೭೫

ಅಣ್ಣಾ,

ನಿನ್ನ ಹತ್ತೊಂಬತ್ತನೇ ತಾರೀಕಿನ ಕಾಗದ ಇವತ್ತು ಬಂತು. ಪಲ್ಜೋರ್ ಮೊಣಕಾಲ ತನಕ ಒದ್ದೆಯಾಗಿದ್ದ. ನನ್ನನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟ. "ಇದೀಯಾ ಮಾರಾಯ? ನಿಮ್ಮಣ್ಣ ನಿನ್ನ ಹೆಸರಿಗೆ ದೀಪ ಹಚ್ಚೋದೊಂದು ಬಾಕಿ ಇತ್ತು," ಎಂದ.

ಇಪ್ಪತ್ತೆರಡಕ್ಕೆ ಬಟ್ಟೆಯ ಗಂಟು ಕಟ್ಟಿಕೊಂಡು ನಿಲ್ದಾಣದ ಚಹಾ ಅಂಗಡಿಗೆ ಬಂದೆ. ಇಲ್ಲಿ ಆಗ ಬಿಸಿಲು. "ಆಕಾಶ ತೊಳೆದಿಟ್ಟ ಹಾಗಿದೆ, ಹೊರಡು," ಎಂದು ಅಂಗಡಿಯವನು ಹೇಳಿದ. ಪಲ್ಜೋರ್ ಹದಿನೆಂಟಕ್ಕೇ ಬರಬೇಕಿತ್ತು. ಬಂದಿರಲಿಲ್ಲ. ನಿನ್ನ ಕಾಗದವೂ ಇರಲಿಲ್ಲ. ನಾನು ಅಂಥ ಕಾಗದ ಬರೆದ ಮೇಲೆ ನೀನು ಉತ್ತರ ಬರೆಯದೆ ಇರುವವನಲ್ಲ, ಬೈಯುವುದಕ್ಕಾದರೂ ಬರೆಯುತ್ತೀಯ. ಬರೆದಿದ್ದಾನೆ, ಆದರೆ ಕಾಗದಕ್ಕೆ ದಾರಿ ಸಿಕ್ಕಿಲ್ಲ ಎಂದುಕೊಂಡೆ. ಗಂಟು ಬಿಚ್ಚಿದೆ.

ಹದಿಮೂರು ದಿನ ಅದೇ ಬೆಂಚಿನ ಮೇಲೆ ಕೂತೆ. ಅತ್ತೆಯೂ ಹದಿಮೂರು ದಿನ ಕಾದಿದ್ದಳಲ್ಲ. ಇಪ್ಪತ್ತೊಂಬತ್ತಕ್ಕೆ ಇಲ್ಲಿಯೇ ದೀಪ ಹಚ್ಚಿದೆ. ಹೊಲಿಗೆ ಯಂತ್ರದ ಮೇಲೆ ದಾರ ಸುತ್ತಿಟ್ಟು, ಅದರ ಮುಂದೆ ಅಡ್ಡಬಿದ್ದು, ಎಲ್ಲವನ್ನೂ ಅವಳಿಗೆ ಜೋರಾಗಿ ಹೇಳಿದೆ. ನಿನ್ನದನ್ನೂ ಹೇಳಿದೆ, ನನ್ನದನ್ನೂ ಹೇಳಿದೆ. ಹಗುರವೇನೂ ಆಗಲಿಲ್ಲ.

ನಾಡಿದ್ದು ಪಲ್ಜೋರ್ ಜೊತೆ ಹೊರಡುತ್ತೇನೆ. ನಾಲೆಯಲ್ಲಿ ಇನ್ನೂ ಹಿಮ ಇದೆಯಂತೆ, ಬೆಳಗಿನ ಜಾವ ಗಟ್ಟಿಯಿರುವಾಗ ದಾಟಬಹುದಂತೆ. ನನಗೆ ಭಯವಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಪಲ್ಜೋರ್ ಮೊದಲು ದಾಟಿ ಈ ಕಾಗದ ನಿನ್ನ ಕೈಗೆ ಕೊಡುತ್ತಾನೆ. ಓದಿದ ಮೇಲೆ ಎದ್ದು ನಾಲೆಯ ದಡಕ್ಕೆ ಬಾ. ನಾನು ಆಚೆ ದಡದಲ್ಲಿರುತ್ತೇನೆ. ನನ್ನನ್ನು ನೋಡಬೇಡ, ಬೆಟ್ಟದ ನೆತ್ತಿಯನ್ನು ನೋಡುತ್ತ ನಿಲ್ಲು. ನೀನು ಕೈ ಎತ್ತಿದರೆ ನಿಲ್ಲುತ್ತೇನೆ. ಎತ್ತದಿದ್ದರೆ ಬರುತ್ತೇನೆ.

ತೋಬ್ದನ್